ಮೂರು ಕಾರ್ಡು, ಒಬ್ಬ ಅಜ್ಜ

1/8

ಕಾಸ್ಟ್ ಅಕೌಂಟಿಂಗ್‌ನಾಗ ಆಪರೇಟಿಂಗ್ ಕಾಸ್ಟಿಂಗ್ ಅಂತ ಒಂದು ಚಾಪ್ಟರ್ ಐತಿ, ನಮ್ಮ ಕ್ಲಾಸಿನವರಿಗೆ ಹೇಳೋದೇ ಬ್ಯಾಡ. ಬಸ್ಸಿಗೆ ಕಾಸ್ಟ್ ಯೂನಿಟ್ ಏನು? ಪ್ಯಾಸೆಂಜರ್ ಕಿಲೋಮೀಟರ್. ಲಾಡ್ಜಿಗೆ? ರೂಮ್ ಡೇ. ದವಾಖಾನಿಗೆ? ಪೇಷಂಟ್ ಡೇ. "ಎರಡು ಮಾರ್ಕಿಂದು, ಬರಕೋರಿ" ಅಂತ ಹೇಳಿ ಸರ್ ಮುಂದಿನ ಲೆಕ್ಕಕ್ಕೆ ಹೋದರು. ನಾ ಅಲ್ಲೇ ನಿಂತೆ.

ಒಬ್ಬ ಪೇಷಂಟ್ ಒಂದು ರಾತ್ರಿ ಒಂದು ಕಾಟಿನ ಮ್ಯಾಲೆ ಮಲಗಿದರೆ ಅದು ಒಂದು ಪೇಷಂಟ್ ಡೇ. ಹಂಗಾದ್ರ ನಮ್ಮಜ್ಜ ಹೋದ ವರ್ಷ ಒಂಬತ್ತು ಪೇಷಂಟ್ ಡೇ ಆಗಿದ್ದ.

ಫೋಟೋದಾಗ ಕಾಣೋದು ನಮ್ಮ ಮನಿ ಪ್ಲಾಸ್ಟಿಕ್ ಚೀಲ. ರೇಷನ್ ಕಾರ್ಡು, ಹೊಲದ ಉತಾರ, ಎಲ್‌ಐಸಿ ಬಾಂಡು, ನನ್ನ ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನ ಝೆರಾಕ್ಸು, ಎಲ್ಲಾ ಅದರಾಗ. ಅಜ್ಜನ ಮೂರು ಡಿಸ್ಚಾರ್ಜ್ ಕಾರ್ಡೂ ಅದರಾಗೇ ಇದ್ದವು. ಹೆಸರು, ನಂಬರು ಮಸುಕು ಮಾಡೀನಿ. ದವಾಖಾನಿ ಹೆಸರೂ ಹೇಳಂಗಿಲ್ಲ, ಕಮೆಂಟಿನ್ಯಾಗ ಕೇಳಬ್ಯಾಡ್ರಿ. ನಾ ಬೈಯಾಕ ಬರೀಲಿಕ್ಕೆ ಕುಂತಿಲ್ಲ. ನನಗೆ ಒಂದು ಲೆಕ್ಕ ತಾಳೆ ಆಗವಲ್ದು, ಅದನ್ನ ನಿಮ್ಮ ಮುಂದೆ ಇಡ್ತೀನಿ.

2/8

ಅಜ್ಜ ರೋಣದ ಕಡೆ ಎರಿ ಹೊಲದ ಮನುಷ್ಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ. 1980ರ ಬಂಡಾಯದಾಗ ನರಗುಂದಕ್ಕೆ ಹೋಗಿದ್ದೆ ಅಂತ ಹೇಳ್ತಿದ್ದ, ಪ್ರತಿ ಸಲ ಹೇಳುವಾಗ ಕಥಿ ಸ್ವಲ್ಪ ಉದ್ದ ಆಗ್ತಿತ್ತು. ನಾ ಗಜೇಂದ್ರಗಡಕ್ಕೆ ಬಿಕಾಂ ಸೇರಿದಾಗ "ಅಲ್ಲಿ ಗುಡ್ಡದ ಮ್ಯಾಲಿನ ಫ್ಯಾನು ಯಾರು ಬಂದ್ ಮಾಡ್ತಾರ?" ಅಂತ ಕೇಳಿದ್ದ. ಗಾಳಿಯಂತ್ರದ ಬಗ್ಗೆ.

ಹೋದ ವರ್ಷ ಕಾಲಿಗೆ ಬಾವು ಬಂತು. ಅಡ್ಡ ಆದ್ರ ದಮ್ಮು. ರಾತ್ರಿ ಗ್ವಾಡಿಗೆ ಆತು ಕುಂತೇ ನಿದ್ದಿ ಮಾಡ್ತಿದ್ದ. ಒಂದು ದವಾಖಾನಿಗೆ ಕರ್ಕೊಂಡು ಹೋದ್ವಿ. ಹಾರ್ಟು ಪಂಪ್ ಮಾಡೋದು ಕಡಿಮಿ ಆಗೇತಿ, ಮೈಯಾಗ ನೀರು ನಿಂತೈತಿ ಅಂದರು. ಅಡ್ಮಿಟ್. ನಾಕು ರಾತ್ರಿ. ಇಂಜೆಕ್ಷನ್ ಕೊಟ್ಟ ಮ್ಯಾಲೆ ಬಾವು ಇಳೀತು, ಅಜ್ಜ ತಾನೇ ನಡಕೊಂಡು ಬಂದು ಟಂಟಂ ಹತ್ತಿದ. ಕಾರ್ಡಿನ ಮ್ಯಾಲೆ ಇಂಗ್ಲಿಷಿನಾಗ ಬರೆದಿದ್ದರು: ಕಂಡೀಷನ್ ಇಂಪ್ರೂವ್ಡ್. ಖರೇನೇ ಬರೆದಿದ್ದರು.

ಐದು ದಿನದ ಗುಳಿಗಿ ಕೊಟ್ಟಿದ್ದರು. ಐದು ದಿನಕ್ಕೆ ಮುಗದ್ವು. ಗುಳಿಗಿ ಮುಗದ್ವು ಅಂದ್ರ ಜಡ್ಡೂ ಮುಗೀತು ಅನ್ನೋದು ಅಜ್ಜನ ಲೆಕ್ಕ. ನಮ್ಮ ಲೆಕ್ಕಾನೂ ಅದೇ ಇತ್ತು. ಉಪ್ಪಿನಕಾಯಿ, ಹಪ್ಪಳ ಎಲ್ಲಾ ಶುರು ಆದ್ವು. ಹದಿಮೂರನೇ ದಿನ ಮತ್ತ ದಮ್ಮು.

ಇಲ್ಲಿ ಒಂದು ಮಾತು ಹೇಳಬೇಕು, ಹೇಳಾಕ ನಾಚಿಕಿ ಆಗ್ತೈತಿ. ಕಾರ್ಡಿನ ಕೆಳಗ ಸಣ್ಣ ಅಕ್ಷರದಾಗ ಇನ್ನೊಂದು ಸಾಲು ಇತ್ತು. ಐದು ದಿನದ ಮ್ಯಾಲೆ ತೋರಿಸಾಕ ಬರ್ರಿ, ಗುಳಿಗಿ ಬಿಡಬ್ಯಾಡ್ರಿ ಅಂತ. ನಮ್ಮ ಮನ್ಯಾಗ ಇಂಗ್ಲಿಷ್ ಓದಾಕ ಬರೋಳು ನಾ ಒಬ್ಬಾಕಿ. ನಾ ಆ ಕಾರ್ಡು ಬಿಚ್ಚೇ ನೋಡಿರಲಿಲ್ಲ. ಬಾಯಿಲೆ ಯಾರಾದರೂ ಹೇಳಿದ್ದರೋ ಏನೋ, ಅವತ್ತು ಅಪ್ಪ ಬಿಲ್ಲಿನ ಸಾಲಿನ್ಯಾಗ ನಿಂತಿದ್ದ.

3/8

ಎರಡನೇ ಸಲ ಬ್ಯಾರೆ ದವಾಖಾನಿ. ಮೂರು ರಾತ್ರಿ. ಆ ಕಾರ್ಡಿನ ಮ್ಯಾಲೆ ಕಾರಣ ಬರೆದಾರ: ಪೇಷಂಟ್ ಔಷಧ ಸರಿಯಾಗಿ ತೊಗೊಂಡಿಲ್ಲ. ಕಡೀಕ "ರೆಫರ್ಡ್ ಟು ಹೈಯರ್ ಸೆಂಟರ್".

ಮೂರನೇದು ದೊಡ್ಡ ಊರಿನ ದೊಡ್ಡ ದವಾಖಾನಿ. ಎರಡು ರಾತ್ರಿ ಐಸಿಯು. ಎರಡನೇ ದಿನ ಡಾಕ್ಟರು ಅಪ್ಪನ್ನ, ಕಾಕಾನ್ನ ಒಳಗ ಕರೆದು ವೆಂಟಿಲೇಟರ್ ಹಾಕಬೇಕಾಗತೈತಿ, ಆದ್ರೂ ಗ್ಯಾರಂಟಿ ಇಲ್ಲ ಅಂದರು. ಸುಳ್ಳು ಹೇಳಲಿಲ್ಲ ಅವರು. ಹೊರಗ ಬಂದು ಅಪ್ಪ ಬಾಳ ಹೊತ್ತು ಮಾತಾಡಲಿಲ್ಲ. ಅಜ್ಜ ಹಿಂದಿನ ದಿನಾನೇ ಹೇಳಿದ್ದ, "ನನ್ನ ಮನಿಗೆ ಒಯ್ರಿ" ಅಂತ. ರೊಕ್ಕದ ಮಾತೂ ಇತ್ತು, ಇಲ್ಲ ಅನ್ನಂಗಿಲ್ಲ. ಎರಡೂ ಕೂಡಿ ಒಂದು ನಿರ್ಧಾರ ಆತು. ಯಾವುದು ಎಷ್ಟು ಪಾಲು ಅಂತ ನಮ್ಮ ಮನ್ಯಾಗ ಇವತ್ತಿಗೂ ಯಾರೂ ಕೇಳಿಲ್ಲ.

ಕರ್ಕೊಂಡು ಹೋಗಬೇಕಂದ್ರ ಬರೆದು ಕೊಡಬೇಕು. ಅಪ್ಪನ ಕೈ ನಡುಗುತ್ತಿತ್ತು. ಸಿಸ್ಟರ್ ನನ್ನ ಕಡೆ ಪೆನ್ನು ಚಾಚಿ, "ನೀ ಬರೀ ತಂಗಿ, ಅಪ್ಪಾರು ಸೈನ್ ಮಾಡ್ಲಿ" ಅಂದರು. ಆಕಿ ಹೇಳಿದಂಗ ಬರೆದೆ: ಡಾಕ್ಟರು ಎಲ್ಲಾ ತಿಳಿಸಿ ಹೇಳಿದರೂ ನಾವು ನಮ್ಮ ಸ್ವಂತ ಜವಾಬ್ದಾರಿ ಮೇಲೆ ಪೇಷಂಟನ್ನು ಕರೆದುಕೊಂಡು ಹೋಗುತ್ತಿದ್ದೇವೆ. ನನ್ನ ಅಕ್ಷರ ಚಂದ ಅದಾವ ಅಂತ ಎಲ್ಲಾರೂ ಹೇಳ್ತಾರ. ಆ ಹಾಳಿ ಮ್ಯಾಲೂ ಚಂದನ ಬಂದಿದ್ದವು.

ಮರುದಿನ ರಾತ್ರಿ ಅಜ್ಜ ಮನ್ಯಾಗ ತೀರಿಕೊಂಡ. ಮೂರನೇ ಕಾರ್ಡಿನ ಮ್ಯಾಲೆ ಇರೋದು ನಾಕೇ ಅಕ್ಷರ: ಎಲ್ ಎ ಎಂ ಎ. ಲಾಮಾ. ಲೆಫ್ಟ್ ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್. ವೈದ್ಯರ ಮಾತು ಮೀರಿ ಹೋದವರು.

4/8

ಪೇಷಂಟ್ ಡೇ ಪಾಠ ಆದ ದಿನ ಸಂಜಿಕೆ ಮನಿಗೆ ಬಂದು ಮೂರೂ ಕಾರ್ಡು ಎಕ್ಸೆಲ್‌ಗೆ ಹಾಕಿದೆ. ಸ್ಟಾಕ್ ಟರ್ನೋವರ್ ರೇಶಿಯೋ ನೆನಪು ಐತಿಲ್ಲ? ಅಂಗಡ್ಯಾಗಿನ ಮಾಲು ವರ್ಷಕ್ಕೆ ಎಷ್ಟು ಸಲ ಖಾಲಿ ಆಗಿ ತುಂಬತೈತಿ ಅನ್ನೋದು. ದವಾಖಾನಿಗೂ ಹಂಗೇ ಬೆಡ್ ಟರ್ನೋವರ್ ಅಂತ ಐತಿ: ಒಂದು ಕಾಟಿನ ಮ್ಯಾಲಿಂದ ಎಷ್ಟು ಮಂದಿ ಎದ್ದು ಹೋದರು ಅಂತ. ಬೆಡ್ ಆಕ್ಯುಪೆನ್ಸಿ ಅಂದ್ರ ಒಟ್ಟು ಪೇಷಂಟ್ ಡೇ ನೂರಕ್ಕೆ ಗುಣಿಸಿ, ಕಾಟು ಇಂಟು ದಿನಗಳಿಂದ ಭಾಗಿಸೋದು. ಸರಾಸರಿ ವಾಸ್ತವ್ಯ ಅಂದ್ರ ಪೇಷಂಟ್ ಡೇ ಭಾಗಿಸು ಡಿಸ್ಚಾರ್ಜ್. ನಮಗ ಬರದ ಲೆಕ್ಕ ಯಾವುದೂ ಇಲ್ಲ ಇದರಾಗ.

ಅಜ್ಜಂದು ಹಾಕಿದೆ. ಪೇಷಂಟ್ ಡೇ 9. ಕಾಟು ಬಿಟ್ಟು ಹೋದದ್ದು 3 ಸಲ. ಸರಾಸರಿ ವಾಸ್ತವ್ಯ 3 ದಿನ. ಸಾವು 0.

ಎಂಥ ಚಂದನ ಬ್ಯಾಲೆನ್ಸ್ ಶೀಟ್! ಬರೇ ಇದನ್ನ ನೋಡಿದವರು ಏನಂತಾರ? ಪೇಷಂಟ್ ಲಗೂನ ಹೊಂಟಾರ, ಕಾಟು ಖಾಲಿ ಆಗಾಕತ್ತಾವ, ಯಾರೂ ಸತ್ತಿಲ್ಲ. ಒಂದೊಂದು ಸೆಲ್ಲೂ ಖರೆ. ಯಾರೂ ಸುಳ್ಳು ಬರೆದಿಲ್ಲ. ಆದರೂ ಅಜ್ಜ ಇಲ್ಲ.

ಮುಂದಿನ ವಾರ ಒಂದು ದವಾಖಾನಿ ರೆಕಾರ್ಡ್ ರೂಮಿಗೆ ಹೋಗಿ ಅಲ್ಲಿದ್ದ ಅಣ್ಣಾರನ್ನ ಕೇಳಿದೆ. ಒಬ್ಬರೇ ಒಂದೇ ತಿಂಗಳದಾಗ ಎರಡು ಸಲ ಅಡ್ಮಿಟ್ ಆದ್ರ ನಿಮಗ ಗೊತ್ತಾಗತೈತೇನ್ರಿ ಅಂತ. ಅವರು ನಕ್ಕರು. "ತಂಗಿ, ಇಲ್ಲಿ ಹೊಸಾ ಐಪಿ ನಂಬರ್ ಅಂದ್ರ ಹೊಸಾ ಮನುಷ್ಯ. ಅವರೇ ಹೇಳಿದ್ರ ಗೊತ್ತು, ಇಲ್ಲಂದ್ರ ಇಲ್ಲ. ಬ್ಯಾರೆ ದವಾಖಾನಿಗೆ ಹೋದ್ರಂತೂ ದೇವರಿಗೇ ಗೊತ್ತು." ಆಮ್ಯಾಲೆ ನೀರು ಕೊಟ್ಟರು. ಒಬ್ಬರೇ ಇದ್ದರು, ಮ್ಯಾಲೆ ಗ್ವಾಡಿ ತನಕ ಕೇಸ್ ಪೇಪರಿನ ಗಂಟು.

5/8

ಲೆಕ್ಕ ಯಾರೂ ಇಡಂಗಿಲ್ಲ ಅಂತ ನಾ ತಿಳಕೊಂಡಿದ್ದೆ. ತಪ್ಪು. ಸರ್ಕಾರಿ ದವಾಖಾನಿಗಳು 2008ರಿಂದ ಎಚ್‌ಎಂಐಎಸ್ ಅನ್ನೋ ಪೋರ್ಟಲ್‌ಗೆ ತಿಂಗಳಾ ತಿಂಗಳಾ ಅಂಕಿ ತುಂಬತಾವ. ಒಳರೋಗಿ ಎಷ್ಟು, ಹೆರಿಗಿ ಎಷ್ಟು, ಸಾವು ಎಷ್ಟು. ನಡುರಾತ್ರಿ ಹನ್ನೆರಡಕ್ಕೆ ವಾರ್ಡಿನ್ಯಾಗ ಎಷ್ಟು ತಲಿ ಇದ್ದವು ಅಂತ ಒಂದು ಲೆಕ್ಕ ಐತಿ, ಪೇಷಂಟ್ ಡೇ ಹುಟ್ಟೋದು ಅಲ್ಲೇ. ಲಾಮಾಕ್ಕೂ ಒಂದು ಕಾಲಂ ಐತಿ. ರಾತ್ರಿ ಡ್ಯೂಟಿ ಸಿಸ್ಟರ್ ಸಲೈನ್ ಬದಲಿ ಮಾಡಿ, ಅಳೋ ಕೂಸಿನ ತಾಯಿಗೆ ಉತ್ತರ ಕೊಟ್ಟು, ನಡುವ ಆ ತಲಿ ಎಣಸ್ತಾರ. ನಮ್ಮಜ್ಜನ್ನ ಒಂಬತ್ತು ರಾತ್ರಿ ಯಾರೋ ಒಬ್ಬಾಕಿ ಎಣಿಸಿದ್ದಾಳ. ಅದನ್ನ ನೆನಸಿಕೊಂಡ್ರ ಸಿಟ್ಟು ಬರಂಗಿಲ್ಲ.

ತೊಂದರಿ ಎಲ್ಲಿ ಐತಿ ಅಂದ್ರ, ಈ ಲೆಕ್ಕ ಕಾಟಿಂದು, ಮನುಷ್ಯಾಂದಲ್ಲ. ಅಜ್ಜ ಕಾಟು ಬಿಟ್ಟು ಇಳಿದ ಕೂಡಲೇ ಖಾತೆ ಕ್ಲೋಸ್. ಮತ್ತೊಂದು ದವಾಖಾನ್ಯಾಗ ಹೊಸಾ ಖಾತೆ, ಓಪನಿಂಗ್ ಬ್ಯಾಲೆನ್ಸ್ ಇಲ್ಲದ ಖಾತೆ. ಕ್ಲೋಸಿಂಗ್ ಬ್ಯಾಲೆನ್ಸ್ ಮುಂದಿನ ವರ್ಷಕ್ಕೆ ಕ್ಯಾರಿ ಫಾರ್ವರ್ಡ್ ಮಾಡದೇ ಹೊಸಾ ಪುಸ್ತಕ ತೆಗೆದ್ರ ಆಡಿಟರ್ ಬಿಡ್ತಾನೇನು?

ಇನ್ನೊಂದು ಮೋಸ ಐತಿ ಅಂಕಿಯಾಗ. ರೋಣ, ನರಗುಂದ, ಗಜೇಂದ್ರಗಡದಾಗ ಕೈ ಮೀರಿದ ಕೇಸು ಬಂದ್ರ ಗದಗಿನ ಜಿಮ್ಸ್‌ಗೋ ಹುಬ್ಬಳ್ಳಿಗೋ ಕಳಸ್ತಾರ. (ನಮ್ಮಜ್ಜ ಹೋದದ್ದು ಇವ್ಯಾವಕ್ಕೂ ಅಲ್ಲ.) ಹಿಂಗಾಗಿ ತಾಲೂಕಿನ ಪುಸ್ತಕದಾಗ ಸಾವು ಕಡಿಮಿ, ದೊಡ್ಡ ದವಾಖಾನಿ ಪುಸ್ತಕದಾಗ ಜಾಸ್ತಿ. ಅದನ್ನ ನೋಡಿ "ಅಲ್ಲಿಗೆ ಹೋದವರು ವಾಪಸ್ ಬರಂಗಿಲ್ಲ" ಅಂತ ಊರಾಗ ಮಾತಾಡ್ತೀವಿ. ಸಾಯೋ ಹಂಗ ಇದ್ದವರನ್ನೇ ಅಲ್ಲಿಗೆ ಕಳಿಸಿ, ಅಲ್ಲಿ ಸತ್ತರು ಅನ್ನೋದು ಯಾವ ನ್ಯಾಯ? ಬಂದವರು ಎಂಥಾ ಸ್ಥಿತಿಯಾಗ ಬಂದರು ಅನ್ನೋದನ್ನ ಸೇರಿಸದೇ ಎರಡು ದವಾಖಾನಿ ಹೋಲಿಸಾಕ ಬರಂಗಿಲ್ಲ. ಕಿರಾಣಿ ಅಂಗಡಿ ಮತ್ತು ಬಂಗಾರದ ಅಂಗಡಿ ಟರ್ನೋವರ್ ಹೋಲಿಸಿದಂಗ ಆಗತೈತಿ.

6/8

ಹಂಗಾದ್ರ ಸರಿಯಾಗಿ ಅಳೆದವರು ಯಾರೂ ಇಲ್ಲೇನು ಅಂತ ಹುಡುಕಿದೆ. ಸಿಕ್ಕಿದ್ದು ನಮ್ಮ ರಾಜ್ಯದ್ದೇ!

2010ರಾಗ ವಾಜಪೇಯಿ ಆರೋಗ್ಯಶ್ರೀ ಅಂತ ಯೋಜನೆ ಶುರು ಆತು. ಬಿಪಿಎಲ್ ಮಂದಿಗೆ ಹಾರ್ಟು, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಜಡ್ಡಿಗೆ ಪುಕ್ಕಟೆ ಚಿಕಿತ್ಸೆ. ಮೊದಲು ಕಲಬುರಗಿ ವಿಭಾಗಕ್ಕೆ, ಆಮ್ಯಾಲೆ ಬೆಳಗಾವಿ ವಿಭಾಗಕ್ಕೆ. ಗದಗ ಬೆಳಗಾವಿ ವಿಭಾಗದಾಗ ಬರೋದರಿಂದ ನಮಗೂ ಸಿಕ್ತು. ದಕ್ಷಿಣದ ಜಿಲ್ಲೆಗಳಿಗೆ 2012ರ ತನಕ ಇರಲಿಲ್ಲ. ಒಮ್ಮೆಯಾದರೂ ಅವರಿಗಿಂತ ಮೊದಲು ನಮಗ ಸಿಕ್ತಲ್ಲ ಅಂತ ನನಗ ಖುಷಿ ಆತು, ಅದು ಬ್ಯಾರೆ ಮಾತು.

ನೀರಜ್ ಸೂದ್ ಮತ್ತವರ ಜೊತೆಗಾರರು ಈ ಗೆರಿ ಆಚೆ ಈಚೆ ಇರೋ 572 ಹಳ್ಳಿ ಆರಿಸಿಕೊಂಡರು. ಯೋಜನೆ ಇದ್ದ ಹಳ್ಳಿ 300, ಇಲ್ಲದ ಹಳ್ಳಿ 272. ಒಂದೇ ಥರದ ಮಂದಿ, ನಡುವ ಬರೇ ಒಂದು ಆಡಳಿತದ ಗೆರಿ. ದವಾಖಾನಿ ರಿಜಿಸ್ಟರ್ ಅಷ್ಟೇ ನೋಡಿ ಸುಮ್ಮನಾಗಲಿಲ್ಲ. ಮನಿ ಮನಿಗೆ ಹೋಗಿ, ನಿಮ್ಮ ಮನ್ಯಾಗ ಯಾರು ತೀರಿಕೊಂಡರು, ಯಾವ ಜಡ್ಡಿನಿಂದ ಅಂತ ಕೇಳಿದರು. 2014ರಾಗ ಬಿಎಂಜೆ ಪತ್ರಿಕೆಯಾಗ ಬಂತು ಉತ್ತರ: ಯೋಜನೆ ಚಿಕಿತ್ಸೆ ಕೊಡಬಹುದಾದ ಜಡ್ಡುಗಳಿಂದ ಸತ್ತವರು, ಯೋಜನೆ ಇದ್ದ ಕಡೆ ಬಿಪಿಎಲ್ ಮನೆಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90. ಕೈಯಿಂದ ಹೋಗೋ ದವಾಖಾನಿ ಖರ್ಚು ಮೂರನೇ ಒಂದು ಭಾಗದಷ್ಟು ಕಡಿಮಿ.

2016ರಾಗ ಅದೇ ಯೋಜನೆ ಮ್ಯಾಲೆ ಇನ್ನೊಂದು ಲೇಖನ ಬಂತು. ಅದನ್ನ ಓದುವಾಗ ನನಗ ಅಜ್ಜ ನೆನಪಾದ. ಈ ಸಲ ಅವರು ಕೇಳಿದ್ದು, ಆಪರೇಷನ್ ಆದ ಮ್ಯಾಲೆ ಏನಾತು, ಮತ್ತ ದವಾಖಾನಿಗೆ ಹೋಗಬೇಕಾತೇನು ಅಂತ. ಯೋಜನೆ ಇದ್ದ ಕಡೆ ಸೋಂಕು ನೂರಕ್ಕೆ 9.4 ಮಂದಿಯಷ್ಟು ಕಡಿಮಿ, ಮತ್ತ ಅಡ್ಮಿಟ್ ಆಗೋದು ನೂರಕ್ಕೆ 16.5 ಮಂದಿಯಷ್ಟು ಕಡಿಮಿ.

ನಮ್ಮಜ್ಜನಂಥವರು ಈ ಲೆಕ್ಕದಾಗ ಸಿಕ್ಕಿಬೀಳ್ತಾರ. ಲಾಮಾ ಬರೆದು ಕೊಟ್ಟು ಮನ್ಯಾಗ ಸತ್ತವನೂ ಸತ್ತವನೇ, ಯಾಕಂದ್ರ ಕೇಳಿದ್ದು ಮನಿ ಬಾಗಿಲಾಗ.

7/8

ಗೆಳತಿ ಒಬ್ಬಾಕಿ ಕೇಳಿದ್ಲು, "ಎಣಿಸಿದ್ರ ಏನಾಗತೈತಿ? ಹೋದವರು ಬರ್ತಾರೇನು?" ಅಂತ. ಬರಂಗಿಲ್ಲ. ಆದ್ರ ಬಳ್ಳಾರಿ ನೆನಪು ಮಾಡ್ಕೋರಿ. 2024ರ ನವೆಂಬರ್ 9ರಿಂದ 11ರ ತನಕ ಜಿಲ್ಲಾ ಆಸ್ಪತ್ರೆಯಾಗ 34 ಸಿಸೇರಿಯನ್ ಆದ್ವು, 7 ಬಾಣಂತಿಯರಿಗೆ ಕಿಡ್ನಿ ಮತ್ತಿತರ ಅಂಗಗಳು ಕೈಕೊಟ್ಟವು, ಅದರಾಗ 5 ಮಂದಿ ಉಳೀಲಿಲ್ಲ. ಒಬ್ಬೊಬ್ಬರದೇ ನೋಡಿದ್ರ "ಹಣೆಬರಹ" ಅಂತಿದ್ವಿ. ಮೂರು ದಿನ, ಒಂದೇ ಆಸ್ಪತ್ರೆ, ಒಂದೇ ಥರದ ತೊಂದರಿ ಅಂತ ಒಂದೇ ಹಾಳಿ ಮ್ಯಾಲೆ ಬಂದಾಗ, ಏರಿಸಿದ ಸಲೈನ್ ಮ್ಯಾಲೆ ಸಂಶಯ ಬಂತು. ರಾಜ್ಯದಾಗ ಅದನ್ನ ನಿಲ್ಲಿಸಿದರು, ತಾಯಂದಿರ ಸಾವಿನ ಆಡಿಟ್ ಆತು.

ಅಮೆರಿಕದ ಬಾಸ್ಟನ್ನಿನಾಗ ಅರ್ನೆಸ್ಟ್ ಕಾಡ್ಮನ್ ಅಂತ ಒಬ್ಬ ಸರ್ಜನ್ ಇದ್ದ. ಪ್ರತಿ ಪೇಷಂಟಿಗೂ ಒಂದು ಕಾರ್ಡು ಮಾಡಿ, ಒಂದು ವರ್ಷ ಆದ ಮ್ಯಾಲೆ ಅವರು ಹೆಂಗದಾರ ಅಂತ ಕೇಳಿ ಅದರ ಮ್ಯಾಲೆ ಬರೀಬೇಕು ಅನ್ನೋದು ಅವನ ಹಠ. ದೊಡ್ಡ ಆಸ್ಪತ್ರೆಯವರು ಒಪ್ಪಲಿಲ್ಲ. ಸ್ವಂತ ಸಣ್ಣ ಆಸ್ಪತ್ರೆ ತೆಗೆದು, 1911ರಿಂದ 1916ರ ತನಕ ಬಂದುಹೋದ 337 ಪೇಷಂಟ್‌ಗಳ ಲೆಕ್ಕ ಅಚ್ಚು ಹಾಕಿಸಿದ. ಅದರಾಗ 123 ತಪ್ಪು ತಾನೇ ಬರಕೊಂಡಿದ್ದ. ತನ್ನ ಅಂಗಡಿ ಲಾಸು ತಾನೇ ಬೋರ್ಡಿಗೆ ಹಚ್ಚಿದಂಗ!

ಬರೇ ದಂಡ ಹಾಕಿದ್ರೂ ಕೆಲಸ ಆಗಂಗಿಲ್ಲ. ಅಮೆರಿಕದ ಮೆಡಿಕೇರ್ 2012ರ ಅಕ್ಟೋಬರ್‌ನಿಂದ, ಮೂವತ್ತು ದಿನದಾಗ ಪೇಷಂಟ್ ಬಾಳ ಮಂದಿ ವಾಪಸ್ ಬಂದ್ರ ಆಸ್ಪತ್ರೆಗೆ ಕೊಡೋ ರೊಕ್ಕ ಕಡಿತ ಮಾಡಾಕ ಶುರು ಮಾಡ್ತು. ಮೊದಲ ಮೂರು ಜಡ್ಡಿನ್ಯಾಗ ನಮ್ಮಜ್ಜನ ಹಾರ್ಟ್ ಫೇಲ್ಯೂರೂ ಇತ್ತು. ವಾಪಸ್ ಬರೋರು ಕಡಿಮಿ ಆದರು. ಆದ್ರ ಹಾರ್ಟ್ ಫೇಲ್ಯೂರ್ ಇದ್ದವರ ಸಾವು ಹೆಚ್ಚಾತು ಅಂತ ಕೆಲವು ಸಂಶೋಧಕರು ಹೇಳಿದರು, ಇಲ್ಲ ಅಂತ ಬ್ಯಾರೆಯವರು. ಜಗಳ ನಡದೈತಿ. ವಾಪಸ್ ಬರೋದು ಕಡಿಮಿ ಆಗಾಕ ಎರಡು ದಾರಿ ಅದಾವಲ್ಲ: ಆರಾಮ ಮಾಡಿ ಕಳಸೋದು, ಇಲ್ಲಾ ಬಂದವರನ್ನ ಒಳಗ ತೊಗೊಳ್ಳದೇ ಇರೋದು.

8/8

ನಮ್ಮ ಕಡೆ ಏನು ಮಾಡಬಹುದು? ದೊಡ್ಡ ಮಾತು ನನಗ ಬರಂಗಿಲ್ಲ. ಆಭಾ ಕಾರ್ಡು ಐತಿ, 14 ಅಂಕಿದು. ಒಂದೇ ಮನುಷ್ಯನ ದಾಖಲೆ ಎಲ್ಲಾ ದವಾಖಾನ್ಯಾಗೂ ಕೂಡಿಸಾಕ ಅಂತಲೇ ಮಾಡಿದ್ದು. ಅಜ್ಜಂದು ನಾನೇ ಮೊಬೈಲ್‌ನಾಗ ಮಾಡಿದ್ದೆ. ಮೂರೂ ಕಡೆ ಕೌಂಟರ್‌ನಾಗ ಯಾರೂ ಕೇಳಲಿಲ್ಲ, ನಾವೂ ತೋರಿಸಲಿಲ್ಲ. ಮೂರೂ ಖಾತೆ ಒಂದೇ ಲೆಡ್ಜರಿನಾಗ ಇದ್ದಿದ್ರ ಎರಡನೇ ದವಾಖಾನಿಯವರಿಗೆ "ಐದು ದಿನದ ಗುಳಿಗಿ, ಹದಿಮೂರನೇ ದಿನಕ್ಕೆ ವಾಪಸ್" ಅನ್ನೋದು ಮೊದಲನೇ ನಿಮಿಷಕ್ಕೇ ಕಾಣ್ತಿತ್ತು. ಇಂಥಾವು ಹತ್ತು ಕಂಡ್ರ, ಐದು ದಿನದ ಬದಲಿ ಹದಿನೈದು ದಿನದ ಗುಳಿಗಿ ಕೊಡೋಣ ಅಂತ ಯಾರಿಗಾದರೂ ಅನಸ್ತಿತ್ತು. ಕನ್ನಡದಾಗ ಒಂದು ಸಾಲು ಬರೀಬೇಕು ಅಂತನೂ ಅನಸ್ತಿತ್ತು. ಇದಕ್ಕ ಹೊಸಾ ಬಿಲ್ಡಿಂಗ್ ಬೇಕಾಗಿಲ್ಲ.

ನೀವು ಒಂದು ಕೆಲಸ ಮಾಡ್ರಿ. ನಿಮ್ಮ ಮನಿ ಪ್ಲಾಸ್ಟಿಕ್ ಚೀಲ ತೆಗೆದು ಡಿಸ್ಚಾರ್ಜ್ ಕಾರ್ಡು ನೋಡ್ರಿ. ಎರಡು ಕಾರ್ಡಿನ ನಡುವ ಎಷ್ಟು ದಿನ ಅದಾವ ಎಣಸ್ರಿ. ಕೆಳಗಿನ ಸಣ್ಣ ಸಾಲು ಓದ್ರಿ, ಓದಿ ಮನ್ಯಾಗಿನವರಿಗೆ ಜೋರಾಗಿ ಹೇಳ್ರಿ. ಫೋಟೋ ತೆಗೆದು ಸ್ಟೋರಿಗೆ ಮಾತ್ರ ಹಾಕಬ್ಯಾಡ್ರಿ, ಅದು ಅವರ ಖಾಸಗಿ ವಿಷಯ.

ನಮ್ಮ ನರಗುಂದದ ಅತ್ತಿ ಈಗ ಸಕ್ಕರಿ ಜಡ್ಡಿನಿಂದ ಕಾಲಿಗೆ ಗಾಯ ಆಗಿ ಅಡ್ಮಿಟ್ ಆಗಿದ್ಲು. ಡಿಸ್ಚಾರ್ಜ್ ಆಗಿ ಆರು ದಿನ ಆತು. ಕಾರ್ಡಿನ ಫೋಟೋ ವಾಟ್ಸ್ಯಾಪಿಗೆ ತರಿಸಿಕೊಂಡೆ. ಗಾಯದ ಗುಳಿಗಿ ದಿನಕ್ಕೆ ಎರಡು, ಹತ್ತು ದಿನ. ಓಪನಿಂಗ್ ಸ್ಟಾಕ್ 20. ನಿನ್ನೆ ರಾತ್ರಿ ಊಟ ಆದ ಮ್ಯಾಲೆ ಫೋನ್ ಮಾಡಿದೆ.

"ಅತ್ತಿ, ಇವತ್ತಿಂದು ತೊಗೊಂಡಿ?"

"ಆತವ್ವಾ, ಆಗಲೇ ತೊಗೊಂಡೆ."

"ಪಟ್ಟಿಯಾಗ ಎಷ್ಟು ಉಳದಾವ, ಎಣಿಸಿ ಹೇಳು."

ಫೋನು ಕೆಳಗಿಟ್ಟಳು. ಪ್ಲಾಸ್ಟಿಕ್ ಚೀಲದ ಸಪ್ಪಳ ಕೇಳಿಸ್ತು. ಎಂಟು ಅನ್ನಬೇಕು ಆಕಿ.

"ಹದಿನಾಕು."

ನಾ ಸುಮ್ಮನಿದ್ದೆ. ಆಕಿನೇ ಹೇಳಿದ್ಲು, "ರಾತ್ರಿದು ತೊಗೊಂಡ್ರ ಹೊಟ್ಟಿ ಉರಿತೈತವ್ವಾ. ಡಾಕ್ಟರಿಗೆ ಹೇಳಾಕ ಹೋಗಬೇಕಂದ್ರ ಯಾರು ಕರ್ಕೊಂಡು ಹೋಗ್ತಾರ?"

ನಾಳೆ ಕ್ಲಾಸಿಗೆ ಬರಂಗಿಲ್ಲ, ಅಟೆಂಡೆನ್ಸ್ ಕೇಳಿದ್ರ ಹೇಳ್ರಿ. ಮುಂಜಾನೆ ನರಗುಂದ ಬಸ್ಸಿಗೆ ಹೊಂಟೀನಿ.

#ರೋಣ #ನರಗುಂದ #ಗಜೇಂದ್ರಗಡ #ಬಿಕಾಂ #ಅಜ್ಜ